ತಳಿಶೋಧನೆಯಲ್ಲಿ ಬಹುಪರೀಕ್ಷೆಗಳ ತೊಡಕು ಮತ್ತು ಅದರ ನಿವಾರಣೆ

ಹೊಸ ತಳಿಯೊಂದು ರೈತನ ಹೊಲವನ್ನು ಸೇರಬೇಕಾದರೆ ಅದರ ಹಿಂದೆ ಅನೇಕ ವರ್ಷಗಳ ಪರಿಶ್ರಮವಿರುತ್ತದೆಂಬುದು ವಾಚಕರಿಗೆ ವಿದಿತವಾದ ವಿಷಯವೇ ಸರಿ. ಹಿಂದಿನವರು ಪೈರನ್ನು ಮಡಿಗಳಲ್ಲಿ ಬೆಳೆಯಿಸಿ, ತೆನೆಯನ್ನು ನೋಡಿ, ಕಾಳನ್ನು ತೂಗಿ, ಉತ್ತಮವಾದುದನ್ನು ಆರಿಸುತ್ತಿದ್ದರು. ಈ ಕ್ರಮವು ಈಗಲೂ ನಿಂತಿಲ್ಲ. ಆದರೆ ಇದರ ಜೊತೆಗೆ ಮತ್ತೊಂದು ಕ್ರಮವು ಬಳಕೆಗೆ ಬಂದಿದೆ. ಗಿಡದ ಎಲೆಯ ಒಂದು ಚೂರಿನಿಂದ ಡಿ.ಎನ್.ಎ. ಎಂಬ ವಂಶದ್ರವ್ಯವನ್ನು ತೆಗೆದು, ಅದರಲ್ಲಿ ಸಾವಿರಾರು ಅಥವಾ ಲಕ್ಷಾಂತರ ಸ್ಥಾನಗಳ ಗುರುತುಗಳನ್ನು ಓದಿ, ಯಾವ ಗುರುತಿಗೂ ಯಾವ ಗುಣಕ್ಕೂ ಸಂಬಂಧವುಂಟೆಂಬುದನ್ನು ಲೆಕ್ಕದಿಂದ ಗೊತ್ತುಮಾಡುವುದೇ ಆ ಕ್ರಮ. ಒಂದು ಜೀವಿಯ ವಂಶದ್ರವ್ಯದ ಒಟ್ಟು ಮೊತ್ತಕ್ಕೆ ಜೀನೋಮು ಎಂದು ಹೆಸರು. ಭತ್ತದ ಜೀನೋಮಿನ ಪೂರ್ಣಕ್ರಮವು ೨೦೦೫ನೆಯ ಇಸವಿಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ಪ್ರಯತ್ನದಿಂದ ರಾಗಿಯ ಎಂ.ಎಲ್. ೩೬೫ ಎಂಬ ತಳಿಯ ಜೀನೋಮು ೨೦೧೭ರಲ್ಲಿ ಬೆಳಕಿಗೆ ಬಂದಿತು.

ಈ ಹೊಸ ಕ್ರಮದಿಂದ ಆಗತಕ್ಕ ಉಪಕಾರವು ಅಪಾರವಾದುದು. ರೋಗನಿರೋಧಕ ಗುಣವುಳ್ಳ ಸಸಿಯನ್ನು, ರೋಗವು ಬರುವವರೆಗೂ ಕಾಯದೆ, ಮೊಳಕೆಯಲ್ಲಿಯೇ ಗುರುತಿಸಬಹುದು. ಆದರೆ ಗುರುತೇ ತಪ್ಪಾಗಿದ್ದರೆ ಉಪಕಾರಕ್ಕೆ ಬದಲಾಗಿ ಅಪಕಾರವಾಗುತ್ತದೆ. ಸುಳ್ಳು ಗುರುತನ್ನು ನಂಬಿ ಐದಾರು ವರ್ಷ ಸಂಕರಣ ಮಾಡಿದ ಮೇಲೆ, ಗುಣವು ಹೊಲದಲ್ಲಿ ಕಾಣದೆ ಹೋದರೆ, ಕಳೆದ ಕಾಲವೂ ವೆಚ್ಚವಾದ ಹಣವೂ ಹಿಂದಿರುಗುವುದಿಲ್ಲ. ಆ ಅವಧಿಯಲ್ಲಿ ರೋಗದಿಂದ ಪೈರನ್ನು ಕಳೆದುಕೊಂಡ ಬೇಸಾಯಗಾರನ ನಷ್ಟವನ್ನಂತೂ ಯಾರೂ ಕಟ್ಟಿಕೊಡಲಾರರು. ಆದುದರಿಂದ ಸುಳ್ಳು ಗುರುತುಗಳು ಹೇಗೆ ಹುಟ್ಟುತ್ತವೆ, ಅವುಗಳನ್ನು ಬೇರ್ಪಡಿಸುವ ಬಗೆ ಯಾವುದು, ಎಂಬ ವಿಚಾರವು ವಿಜ್ಞಾನಿಗಳಿಗೆ ಮಾತ್ರವೇ ಅಲ್ಲದೆ ಬೇಸಾಯವನ್ನು ನಂಬಿದ ಸರ್ವರಿಗೂ ಸಂಬಂಧಪಟ್ಟುದಾಗಿದೆ.

೧. ಒಂದೇ ಪರೀಕ್ಷೆಯ ನಿಯಮ

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ೧೮೪೩ರಲ್ಲಿ ಸ್ಥಾಪಿತವಾದ ವ್ಯವಸಾಯ ಪ್ರಯೋಗಕ್ಷೇತ್ರಕ್ಕೆ ೧೯೧೯ರಲ್ಲಿ ಆರ್. ಎ. ಫಿಷರ್ ಎಂಬ ಸಂಖ್ಯಾಶಾಸ್ತ್ರಜ್ಞರು ಬಂದು ಸೇರಿದರು. ಒಂದು ಮಡಿಗೆ ಗೊಬ್ಬರ ಹಾಕಿ, ಮತ್ತೊಂದಕ್ಕೆ ಹಾಕದೆ ಬಿಟ್ಟು, ಇಳುವರಿಯಲ್ಲಿ ವ್ಯತ್ಯಾಸ ಕಂಡರೆ, ಅದು ಗೊಬ್ಬರದ ಫಲವೋ ಅಥವಾ ನೆಲದ ಏರುಪೇರಿನಿಂದ ಆಕಸ್ಮಿಕವಾಗಿ ಬಂದುದೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ಗೊಬ್ಬರದಿಂದ ಏನೂ ಫಲವಿಲ್ಲವೆಂದೇ ಮೊದಲು ಇಟ್ಟುಕೊಂಡು, ಕಂಡಷ್ಟು ಅಥವಾ ಅದಕ್ಕೂ ಮಿಗಿಲಾದ ವ್ಯತ್ಯಾಸವು ಬರಿಯ ಆಕಸ್ಮಿಕದಿಂದ ತೋರಿಬರುವ ಸಂಭವವೆಷ್ಟೆಂದು ಲೆಕ್ಕಹಾಕಬೇಕು. ಈ ಸಂಭವಕ್ಕೆ ಪಿ ಅಂಕವೆಂದು ಹೆಸರು. ಪಿ ಅಂಕವು ಇಪ್ಪತ್ತರಲ್ಲೊಂದು, ಎಂದರೆ ೦.೦೫ಕ್ಕಿಂತ ಕಡಿಮೆಯಾದರೆ ವ್ಯತ್ಯಾಸವನ್ನು ಗಣನೀಯವೆಂದು ಎಣಿಸುವುದು ಅನುಕೂಲವೆಂದು ಫಿಷರರು ೧೯೨೬ರಲ್ಲಿ ಬರೆದರು. ಆ ಲೇಖನವು ಅಚ್ಚಾದುದು ಬ್ರಿಟಿಷ್ ಸರ್ಕಾರದ ವ್ಯವಸಾಯ ಮಂತ್ರಿಶಾಖೆಯ ಪತ್ರಿಕೆಯಲ್ಲಿ. ಒಂದು ಸಲ ಗೆದ್ದ ಮಾತ್ರಕ್ಕೆ ಸತ್ಯವು ಸ್ಥಾಪಿತವಾಗಲಿಲ್ಲ, ಮತ್ತೆ ಮತ್ತೆ ಪ್ರಯೋಗ ಮಾಡಿದಾಗಲೂ ಅದು ವಿರಳವಾಗಿ ಮಾತ್ರ ತಪ್ಪಬೇಕು, ಎಂಬ ಎಚ್ಚರಿಕೆಯನ್ನೂ ಅವರು ಅಲ್ಲಿಯೇ ಕೊಟ್ಟಿದ್ದರು. ಇಪ್ಪತ್ತರಲ್ಲೊಂದೆಂಬ ಮಿತಿಯನ್ನು ಲೋಕವು ಹಿಡಿದುಕೊಂಡಿತು. ಎಚ್ಚರಿಕೆಯನ್ನು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

೨. ಪರೀಕ್ಷೆಗಳು ಹೆಚ್ಚಿದಾಗ ಆಗುವ ಅನರ್ಥ

ಏನೂ ಸತ್ತ್ವವಿಲ್ಲದ ಇಪ್ಪತ್ತು ಬಗೆಯ ಪುಡಿಗಳನ್ನು ಗೊಬ್ಬರವೆಂದು ಹೇಳಿ ಇಪ್ಪತ್ತು ಬೇರೆ ಬೇರೆ ಪ್ರಯೋಗಗಳಲ್ಲಿ ಪರೀಕ್ಷಿಸಿದರೆಂದು ಇಟ್ಟುಕೊಳ್ಳೋಣ. ಒಂದೊಂದು ಪ್ರಯೋಗದಲ್ಲಿಯೂ ಪುಡಿಯಿಂದ ಇಳುವರಿ ಹೆಚ್ಚಿತೆಂದು ಆಕಸ್ಮಿಕವಾಗಿ ತೋರುವ ಸಂಭವವು ಇಪ್ಪತ್ತಕ್ಕೊಂದರಂತೆ ಇರಲಿ. ಹಾಗಾದರೆ ಇಪ್ಪತ್ತು ಪ್ರಯೋಗಗಳಲ್ಲಿ ಕಡೆಗೆ ಒಂದಾದರೂ ಪುಡಿಯು ಗೆದ್ದಂತೆ ಕಾಣುವ ಸಂಭವವು ನೂರಕ್ಕೆ ೬೪ರಷ್ಟಾಗುತ್ತದೆ. ನೂರು ಪುಡಿಗಳಾದರೆ ಆ ಸಂಭವವು ನೂರಕ್ಕೆ ೯೯ನ್ನು ಮೀರುತ್ತದೆ. ಸೋತ ಪುಡಿಗಳ ಸುದ್ದಿಯನ್ನು ಮುಚ್ಚಿಟ್ಟು, ಗೆದ್ದ ಒಂದನ್ನು ಮಾತ್ರ ಪ್ರಕಟಿಸಿದರೆ, ಕೊಳ್ಳುವವನಿಗೆ ಸತ್ಯವು ತಿಳಿಯುವ ಬಗೆಯೇ ಇಲ್ಲ.

ಇದು ಹೊಸ ಮಾತೇನೂ ಅಲ್ಲ. ಹುಳುವು ಮರವನ್ನು ಕೊರೆಯುತ್ತ ಹೋದಾಗ ಒಮ್ಮೊಮ್ಮೆ ಅಕ್ಷರದಂತಹ ಆಕಾರವು ಮೂಡುವುದುಂಟು. ಇದನ್ನು ಘುಣಾಕ್ಷರನ್ಯಾಯವೆಂದು ಹಿಂದಿನವರು ಕರೆದರು. ಹುಳುವಿಗೆ ಅಕ್ಷರಜ್ಞಾನವಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೆ ಸಾವಿರ ಹಲಗೆಗಳನ್ನು ಹುಡುಕಿ, ಅಕ್ಷರ ಮೂಡಿದ ಒಂದನ್ನು ಮಾತ್ರ ತಂದು ತೋರಿಸಿದರೆ, ನೋಡಿದವನು ಬೆರಗಾಗದಿರುವುದು ಕಷ್ಟ.

ಜೀನೋಮಿನ ಪರಿಶೋಧನೆಯಲ್ಲಿ ಹುಡುಕುವ ಹಲಗೆಗಳು ಸಾವಿರವಲ್ಲ, ಲಕ್ಷ. ೨೦೧೧ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ೮೨ ದೇಶಗಳಿಂದ ತಂದ ೪೧೩ ಭತ್ತದ ತಳಿಗಳನ್ನು ೪೪,೧೦೦ ಗುರುತುಗಳ ಸಾಧನದಿಂದ ಓದಿ, ೩೪ ಗುಣಗಳನ್ನು ವಿಚಾರಿಸಲಾಯಿತು. ಅಷ್ಟು ಗುರುತುಗಳನ್ನೂ ಇಪ್ಪತ್ತರಲ್ಲೊಂದೆಂಬ ಹಳೆಯ ಮಿತಿಯಿಂದಲೇ ಅಳೆದರೆ, ಯಾವ ಗುರುತಿಗೂ ಗುಣಕ್ಕೂ ಸಂಬಂಧವೇ ಇಲ್ಲದಿದ್ದರೂ, ಒಂದು ಗುಣಕ್ಕೆ ಸರಾಸರಿ ೨,೨೦೫ ಗುರುತುಗಳು ಗಣನೀಯವೆಂದು ತೋರಿಬರುತ್ತವೆ. ೩೪ ಗುಣಗಳಿಗೂ ಸೇರಿ ಇವು ಸುಮಾರು ೭೫,೦೦೦ ಆಗುತ್ತವೆ. ಇದಕ್ಕೆ ಒಂದು ವರ್ಷ ಮೊದಲು, ೨೦೧೦ರಲ್ಲಿ, ಚೀನಾದೇಶದ ೫೧೭ ನಾಡತಳಿಗಳಲ್ಲಿ ಸುಮಾರು ೩೬ ಲಕ್ಷ ಗುರುತುಗಳನ್ನು ಗೊತ್ತುಮಾಡಿ ೧೪ ಗುಣಗಳನ್ನು ಪರಿಶೀಲಿಸಿದರು. ಅಲ್ಲಿ ಹಳೆಯ ಮಿತಿಯನ್ನು ಹಿಡಿದರೆ ಒಂದೊಂದು ಗುಣಕ್ಕೂ ೧,೮೦,೦೦೦ ಸುಳ್ಳು ಗುರುತುಗಳು ಏಳುತ್ತವೆ. ನಿಜವಾದ ಗುರುತು ಹತ್ತಿಪ್ಪತ್ತು ಇದ್ದರೂ ಈ ರಾಶಿಯಲ್ಲಿ ಅವು ಕಣ್ಮರೆಯಾಗುವುದರಲ್ಲಿ ಸಂದೇಹವಿಲ್ಲ. ಆದುದರಿಂದಲೇ ಇಂತಹ ಶೋಧನೆಗಳಲ್ಲಿ ಹಳೆಯ ಮಿತಿಯನ್ನು ಹಾಗೆಯೇ ಬಳಸುವುದಿಲ್ಲ.

೩. ಬಾನ್‌ಫೆರೋನಿಯ ವಿಧಾನ

ಮೊದಲನೆಯ ಪರಿಹಾರವು ಬಹು ಸರಳವಾದುದು. ಎಷ್ಟು ಪರೀಕ್ಷೆಗಳನ್ನು ಮಾಡಿದೆಯೋ ಅಷ್ಟರಿಂದ ಮಿತಿಯನ್ನು ಭಾಗಿಸತಕ್ಕದ್ದು. ಇಟಲಿ ದೇಶದ ಗಣಿತಜ್ಞ ಕಾರ್ಲೊ ಬಾನ್‌ಫೆರೋನಿ ಎಂಬವರು ೧೯೩೬ರಲ್ಲಿ ಪ್ರಕಟಿಸಿದ ಅಸಮತೆಗಳು ಇದಕ್ಕೆ ಆಧಾರವಾಗಿರುವುದರಿಂದ ಅವರ ಹೆಸರೇ ನಿಂತಿದೆ; ಹಲವು ಸರಾಸರಿಗಳನ್ನು ಹೋಲಿಸುವ ಕೆಲಸಕ್ಕೆ ಇದನ್ನು ಅನ್ವಯಿಸಿ ೧೯೬೧ರಲ್ಲಿ ವಿವರಿಸಿದವರು ಆಲಿವ್ ಜೀನ್ ಡನ್ ಎಂಬ ವಿದುಷಿ. ೪೪,೧೦೦ ಗುರುತುಗಳಿದ್ದರೆ ೦.೦೫ನ್ನು ಅಷ್ಟರಿಂದ ಭಾಗಿಸಬೇಕು. ಆಗ ಮಿತಿಯು ೮,೮೨,೦೦೦ಕ್ಕೆ ಒಂದಾಗುತ್ತದೆ. ಮನುಷ್ಯರ ರೋಗಗಳನ್ನು ಕುರಿತ ಜೀನೋಮು ಶೋಧನೆಗಳಲ್ಲಿ ಸುಮಾರು ಹತ್ತು ಲಕ್ಷ ಸ್ವತಂತ್ರ ಪರೀಕ್ಷೆಗಳು ನಡೆದಂತೆ ಎಣಿಸಿ, ಎರಡು ಕೋಟಿಗೆ ಒಂದೆಂಬ ಮಿತಿಯನ್ನು ರೂಢಿಗೆ ತಂದಿದ್ದಾರೆ.

ಈ ವಿಧಾನದ ಗುಣವೇನೆಂದರೆ, ಇಡೀ ಶೋಧನೆಯಲ್ಲಿ ಒಂದಾದರೂ ಸುಳ್ಳು ಗುರುತು ನುಸುಳುವ ಸಂಭವವು ನೂರಕ್ಕೆ ಐದನ್ನು ಮೀರುವುದಿಲ್ಲ. ಗುರುತುಗಳು ಒಂದಕ್ಕೊಂದು ಸಂಬಂಧವುಳ್ಳವಾಗಿದ್ದರೂ ಈ ಭರವಸೆಯು ಕೆಡುವುದಿಲ್ಲ. ದೋಷವೂ ಇದರಲ್ಲಿಯೇ ಅಡಗಿದೆ. ಕಣದಲ್ಲಿ ತೂರುವಾಗ ಗಾಳಿಯು ಅತಿಯಾಗಿ ಬೀಸಿದರೆ ಜೊಳ್ಳಿನೊಡನೆ ಗಟ್ಟಿಕಾಳೂ ಹಾರಿಹೋಗುವಂತೆ, ಈ ಕಠಿಣವಾದ ಮಿತಿಯಿಂದ ನಿಜವಾದ ಗುರುತುಗಳು ಅನೇಕವು ಕೈಬಿಟ್ಟುಹೋಗುತ್ತವೆ. ಮುಖ್ಯವಾದ ಬೇಸಾಯಗುಣಗಳು ಅನೇಕವೇಳೆ ಒಂದೇ ವಂಶವಾಹಿಯಿಂದ ನಡೆಯತಕ್ಕವುಗಳಲ್ಲ. ಮುಸುಕಿನ ಜೋಳದಲ್ಲಿ ೨೫ ಸಂಕರಗಳಿಂದ ಬೆಳೆಯಿಸಿದ ಸುಮಾರು ೫,೦೦೦ ಸಂತತಿಗಳನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಹೂಬಿಡುವ ಕಾಲವನ್ನು ನಿಯಮಿಸುವ ಸ್ಥಾನಗಳು ಬಹುಸಂಖ್ಯೆಯಲ್ಲಿವೆಯೆಂದೂ ಒಂದೊಂದರ ಪ್ರಭಾವವೂ ಅಲ್ಪವೆಂದೂ ತಿಳಿದುಬಂದಿತು. ಇಂತಹ ಅಲ್ಪಪ್ರಭಾವದ ಸ್ಥಾನಗಳು ಕಠಿಣವಾದ ಮಿತಿಯನ್ನು ದಾಟಲಾರದೆ ಹೋಗುವುದು ಸಹಜ.

ಸ್ಟ್ಯೂರ್ ಹೋಮ್ ಎಂಬವರು ೧೯೭೯ರಲ್ಲಿ ಈ ವಿಧಾನವನ್ನು ತಿದ್ದಿದರು. ಪಿ ಅಂಕಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟು, ಮೊದಲನೆಯದನ್ನು ಒಟ್ಟು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿದ ಮಿತಿಗೂ, ಎರಡನೆಯದನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿದ ಮಿತಿಗೂ, ಹೀಗೆಯೇ ಮುಂದಿನವುಗಳನ್ನೂ ಹೋಲಿಸುತ್ತ, ಮೊದಲು ತಪ್ಪಿದ ಕಡೆ ನಿಲ್ಲಿಸಬೇಕು. ಭರವಸೆಯು ಮೊದಲಿನಷ್ಟೇ ಇದ್ದು, ಕೈಬಿಟ್ಟುಹೋಗುವುದು ಸ್ವಲ್ಪ ಕಡಿಮೆಯಾಗುತ್ತದೆ.

೪. ಮಿಥ್ಯಾಶೋಧನೆಯ ಪ್ರಮಾಣ

ಯೋವಾವ್ ಬೆಂಜಮಿನಿ ಮತ್ತು ಯೋಸೆಫ್ ಹಾಕ್‌ಬರ್ಗ್ ಎಂಬ ಇಸ್ರೇಲ್ ದೇಶದ ವಿದ್ವಾಂಸರು ೧೯೯೫ರಲ್ಲಿ ಪ್ರಶ್ನೆಯನ್ನೇ ಬೇರೊಂದು ರೀತಿಯಲ್ಲಿ ಕೇಳಿದರು. ಭತ್ತವನ್ನು ಕೊಳ್ಳುವ ವ್ಯಾಪಾರಿಯು ರಾಶಿಯಲ್ಲಿ ಒಂದು ಜೊಳ್ಳೂ ಇರಕೂಡದೆಂದು ಹಟ ಹಿಡಿಯುವುದಿಲ್ಲ. ನೂರು ಸೇರಿಗೆ ಐದು ಸೇರಿಗಿಂತ ಹೆಚ್ಚು ಜೊಳ್ಳು ಇರದಿದ್ದರೆ ಸಾಕೆನ್ನುತ್ತಾನೆ. ಅದರಂತೆಯೇ, ಗಣನೀಯವೆಂದು ಆರಿಸಿದ ಗುರುತುಗಳಲ್ಲಿ ಸುಳ್ಳಾದವುಗಳ ಪಾಲು ಸರಾಸರಿಯಲ್ಲಿ ನೂರಕ್ಕೆ ಐದನ್ನು ಮೀರದಂತೆ ನೋಡಿಕೊಂಡರೆ ಸಾಕೆಂಬುದು ಅವರ ಅಭಿಪ್ರಾಯ. ಈ ಪಾಲಿಗೆ ಮಿಥ್ಯಾಶೋಧನೆಯ ಪ್ರಮಾಣವೆಂದು ಹೆಸರಿಡಬಹುದು.

ಲೆಕ್ಕದ ಕ್ರಮವು ಹೀಗಿದೆ. ಪಿ ಅಂಕಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಡಬೇಕು. ಸಾಲಿನಲ್ಲಿರುವ ಸ್ಥಾನಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ ೦.೦೫ರಿಂದ ಗುಣಿಸಿದರೆ ಆ ಸ್ಥಾನದ ಮಿತಿಯು ಬರುತ್ತದೆ. ಸಾಲಿನ ಕೊನೆಯಿಂದ ಹಿಂದಕ್ಕೆ ನೋಡುತ್ತ ಬಂದು, ತನ್ನ ಮಿತಿಯನ್ನು ಮೀರದ ಅಂಕವು ಎಲ್ಲಿ ಮೊದಲು ಸಿಕ್ಕುತ್ತದೆಯೋ ಅದನ್ನೂ ಅದಕ್ಕಿಂತ ಚಿಕ್ಕವಾದ ಎಲ್ಲವನ್ನೂ ಅಂಗೀಕರಿಸತಕ್ಕದ್ದು. ತಿಳಿವಳಿಕೆಗಾಗಿ ಕಲ್ಪಿಸಿದ ಹತ್ತು ಗುರುತುಗಳ ಉದಾಹರಣೆಯನ್ನು ಕೆಳಗೆ ಕೊಟ್ಟಿದೆ.

ಸ್ಥಾನ ೧ : ಪಿ ಅಂಕ ೦.೦೦೧ : ಮಿತಿ ೦.೦೦೫
ಸ್ಥಾನ ೨ : ಪಿ ಅಂಕ ೦.೦೦೪ : ಮಿತಿ ೦.೦೧೦
ಸ್ಥಾನ ೩ : ಪಿ ಅಂಕ ೦.೦೧೨ : ಮಿತಿ ೦.೦೧೫
ಸ್ಥಾನ ೪ : ಪಿ ಅಂಕ ೦.೦೧೮ : ಮಿತಿ ೦.೦೨೦
ಸ್ಥಾನ ೫ : ಪಿ ಅಂಕ ೦.೦೩೫ : ಮಿತಿ ೦.೦೨೫
ಸ್ಥಾನ ೬ : ಪಿ ಅಂಕ ೦.೦೪೨ : ಮಿತಿ ೦.೦೩೦
ಸ್ಥಾನ ೭ : ಪಿ ಅಂಕ ೦.೧೫೦ : ಮಿತಿ ೦.೦೩೫
ಸ್ಥಾನ ೮ : ಪಿ ಅಂಕ ೦.೩೧೦ : ಮಿತಿ ೦.೦೪೦
ಸ್ಥಾನ ೯ : ಪಿ ಅಂಕ ೦.೫೨೦ : ಮಿತಿ ೦.೦೪೫
ಸ್ಥಾನ ೧೦ : ಪಿ ಅಂಕ ೦.೮೪೦ : ಮಿತಿ ೦.೦೫೦

ಯಾವ ತಿದ್ದುಪಡಿಯೂ ಇಲ್ಲದೆ ೦.೦೫ರ ಮಿತಿಯನ್ನು ಹಿಡಿದರೆ ಆರು ಗುರುತುಗಳು ಅಂಗೀಕೃತವಾಗುತ್ತವೆ. ಬಾನ್‌ಫೆರೋನಿಯ ಮಿತಿಯಾದ ೦.೦೦೫ನ್ನು ಹಿಡಿದರೆ ಎರಡು ಮಾತ್ರ ಉಳಿಯುತ್ತವೆ. ಹೋಮರ ಕ್ರಮದಿಂದಲೂ ಇಲ್ಲಿ ಎರಡೇ. ಬೆಂಜಮಿನಿ ಮತ್ತು ಹಾಕ್‌ಬರ್ಗರ ಕ್ರಮದಿಂದ ಹತ್ತರಿಂದ ಐದರವರೆಗೆ ಎಲ್ಲವೂ ಮಿತಿಯನ್ನು ಮೀರಿ, ನಾಲ್ಕನೆಯದು ಮಿತಿಯೊಳಗೆ ಬರುವುದರಿಂದ, ಮೊದಲ ನಾಲ್ಕು ಗುರುತುಗಳು ದೊರೆಯುತ್ತವೆ.

ಇಲ್ಲಿ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ನೂರಕ್ಕೆ ಐದೆಂಬುದು ಅನೇಕ ಶೋಧನೆಗಳ ಸರಾಸರಿಯೇ ಹೊರತು, ಯಾವುದೋ ಒಂದು ಶೋಧನೆಯ ಪಟ್ಟಿಯಲ್ಲಿ ಸುಳ್ಳು ಅಷ್ಟೇ ಇರುತ್ತದೆಂಬ ಮಾತಲ್ಲ. ಎರಡನೆಯದಾಗಿ, ಪರೀಕ್ಷೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಈ ಭರವಸೆಯು ಸಿದ್ಧವಾಗುತ್ತದೆ. ಕೆಲವು ಬಗೆಯ ಅನುಕೂಲ ಸಂಬಂಧಗಳಿದ್ದರೂ ಅದು ನಿಲ್ಲುತ್ತದೆಂದು ಬೆಂಜಮಿನಿ ಮತ್ತು ಯೆಕುತಿಯೇಲಿ ಎಂಬವರು ೨೦೦೧ರಲ್ಲಿ ತೋರಿಸಿ, ಸಂಬಂಧವು ಯಾವ ಬಗೆಯದಾದರೂ ಸಲ್ಲುವ ಇನ್ನೂ ಬಿಗಿಯಾದ ಮಿತಿಯೊಂದನ್ನು ಕೊಟ್ಟರು.

ಯಾವ ವಿಧಾನವನ್ನು ಯಾವಾಗ ಹಿಡಿಯಬೇಕೆಂಬುದು ಮುಂದಿನ ಕೆಲಸವನ್ನು ಅವಲಂಬಿಸಿರುತ್ತದೆ. ಆರಿಸಿದ ನೂರು ಗುರುತುಗಳನ್ನು ಮತ್ತೊಮ್ಮೆ ಅಗ್ಗವಾಗಿ ಪರೀಕ್ಷಿಸುವ ಅನುಕೂಲವಿದ್ದರೆ, ಅವುಗಳಲ್ಲಿ ಐದಾರು ಸುಳ್ಳಾದರೂ ನಷ್ಟವಿಲ್ಲ. ಒಂದೇ ಗುರುತನ್ನು ನಂಬಿ ದೀರ್ಘಕಾಲದ ಸಂಕರಣಕ್ಕೆ ಕೈಹಾಕುವುದಾದರೆ ಕಠಿಣವಾದ ಮಿತಿಯೇ ಕ್ಷೇಮಕರ.

೫. ಅದಲುಬದಲಿನ ವಿಧಾನ

ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿರುವ ಗುರುತುಗಳು ಒಟ್ಟಿಗೆ ಸಂತತಿಗೆ ಇಳಿದುಬರುವುದೇ ಹೆಚ್ಚು. ಆದುದರಿಂದ ಹತ್ತಿರದ ನೂರು ಗುರುತುಗಳನ್ನು ಪರೀಕ್ಷಿಸಿದರೂ, ನಿಜವಾಗಿ ನಡೆದುದು ಹತ್ತು ಪರೀಕ್ಷೆಗಳಷ್ಟೇ ಇರಬಹುದು. ಬಾನ್‌ಫೆರೋನಿಯ ವಿಧಾನವು ಇದನ್ನು ಗಣನೆಗೆ ತಾರದೆ ನೂರರಿಂದಲೇ ಭಾಗಿಸುತ್ತದೆ. ಇದಕ್ಕೆ ತಕ್ಕ ಪರಿಹಾರವನ್ನು ಗ್ಯಾರಿ ಚರ್ಚಿಲ್ ಮತ್ತು ರೆಬೆಕಾ ಡರ್ಜ್ ಎಂಬವರು ೧೯೯೪ರಲ್ಲಿ ಸೂಚಿಸಿದರು.

ಗಿಡಗಳ ಗುರುತುಗಳನ್ನು ಇದ್ದಂತೆಯೇ ಬಿಟ್ಟು, ಇಳುವರಿಯ ಅಂಕಗಳನ್ನು ಮಾತ್ರ ಚೀಟಿ ಎತ್ತಿದಂತೆ ಗಿಡಗಳಿಗೆ ಅದಲುಬದಲಾಗಿ ಹಂಚಬೇಕು. ಹೀಗೆ ಮಾಡಿದಾಗ ಗುರುತಿಗೂ ಇಳುವರಿಗೂ ಇದ್ದ ಸಂಬಂಧವು ಕಡಿದುಹೋಗುತ್ತದೆ. ಗುರುತುಗುರುತುಗಳ ಪರಸ್ಪರ ಸಂಬಂಧವು ಮಾತ್ರ ಉಳಿಯುತ್ತದೆ. ಈಗ ಎಲ್ಲ ಗುರುತುಗಳನ್ನೂ ಪರೀಕ್ಷಿಸಿ, ಅತ್ಯಂತ ಪ್ರಬಲವಾಗಿ ತೋರಿದ ಒಂದು ಅಂಕವನ್ನು ಬರೆದಿಟ್ಟುಕೊಳ್ಳಬೇಕು. ಇದನ್ನು ಸಾವಿರ ಸಲ ಮಾಡಿದರೆ, ಬರಿಯ ಆಕಸ್ಮಿಕದಿಂದ ಎಷ್ಟು ಪ್ರಬಲವಾದ ಅಂಕವು ಏಳಬಹುದೆಂಬುದು ಅನುಭವದಿಂದಲೇ ಗೊತ್ತಾಗುತ್ತದೆ. ಆ ಸಾವಿರದಲ್ಲಿ ಮೇಲಿನಿಂದ ಐವತ್ತನೆಯ ಅಂಕವೇ ಮಿತಿ. ನಿಜವಾದ ಪ್ರಯೋಗದಲ್ಲಿ ಇದನ್ನು ಮೀರಿದ ಗುರುತನ್ನು ಮಾತ್ರ ಅಂಗೀಕರಿಸಬೇಕು. ಕೈಯಿಂದ ಅಸಾಧ್ಯವಾದ ಈ ಲೆಕ್ಕವನ್ನು ಗಣಕಯಂತ್ರವು ಬೇಗನೆ ಮಾಡಿಮುಗಿಸುತ್ತದೆ.

೬. ಮಿತಿಯಿಂದ ಮಾತ್ರ ತೀರದ ದೋಷಗಳು

ಮಿತಿಯು ಎಷ್ಟೇ ಕಠಿಣವಾಗಿದ್ದರೂ ಕೆಲವು ದೋಷಗಳು ನಿವಾರಣೆಯಾಗುವುದಿಲ್ಲ. ಮೊದಲನೆಯದು ವಂಶದ ಬೆರಕೆ. ಪರೀಕ್ಷೆಗೆ ತೆಗೆದುಕೊಂಡ ಭತ್ತದ ತಳಿಗಳಲ್ಲಿ ಕೆಲವು ಚಳಿನಾಡಿನವು, ಕೆಲವು ಉಷ್ಣದೇಶದವು ಆಗಿದ್ದರೆ, ಚಳಿನಾಡಿನ ತಳಿಗಳಲ್ಲಿ ಪೂರ್ವಿಕರಿಂದ ಬಂದ ಸಾವಿರಾರು ಗುರುತುಗಳು ಒಟ್ಟಾಗಿ ಚಳಿಯನ್ನು ಸಹಿಸುವ ಗುಣದೊಡನೆ ಸಂಬಂಧವುಳ್ಳಂತೆ ತೋರುತ್ತವೆ. ಅವು ಆಕಸ್ಮಿಕವಲ್ಲ, ಆದರೆ ಗುಣಕ್ಕೆ ಕಾರಣವೂ ಅಲ್ಲ. ತಳಿಗಳ ರಕ್ತಸಂಬಂಧವನ್ನು ಲೆಕ್ಕದೊಳಗೆ ಸೇರಿಸಿ ಈ ದೋಷವನ್ನು ಕಡಿಮೆಮಾಡುವ ವಿಧಾನವು ೨೦೦೬ರಲ್ಲಿ ಪ್ರಕಟವಾಗಿ ಬಳಕೆಗೆ ಬಂದಿತು.

ಎರಡನೆಯದು ಗೆದ್ದವನನ್ನು ಹಿರಿದಾಗಿ ಕಾಣುವ ದೋಷ. ಬಹುಸಂಖ್ಯೆಯ ಗುರುತುಗಳಲ್ಲಿ ಮಿತಿಯನ್ನು ದಾಟಿದವುಗಳು ನಿಜವೇ ಆಗಿದ್ದರೂ, ದಾಟುವುದಕ್ಕೆ ಅದೃಷ್ಟವೂ ನೆರವಾಗಿರುತ್ತದೆ. ಆದುದರಿಂದ ಅವುಗಳ ಪ್ರಭಾವವು ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ. ಸುಮಾರು ನೂರು ಸಂತತಿಗಳಿಂದ ಮಾಡಿದ ಶೋಧನೆಯಲ್ಲಿ ಪ್ರಭಾವವು ಬಹಳ ಹಿಗ್ಗಿ ಕಾಣುವುದೆಂದೂ, ಸಾವಿರ ಸಂತತಿಗಳಾದರೆ ನಿಜಕ್ಕೆ ಸಮೀಪವಾಗುವುದೆಂದೂ ವಿಲಿಯಂ ಬೀವಿಸ್ ಎಂಬವರು ೧೯೯೪ರಲ್ಲಿ ತೋರಿಸಿದರು. ಇಲಾಖೆಯ ಪ್ರಯೋಗದಲ್ಲಿ ಐವತ್ತು ತಳಿಗಳ ನಡುವೆ ಮೊದಲನೆಯದಾಗಿ ಬಂದ ತಳಿಯು ಮುಂದಿನ ವರ್ಷ ಅಷ್ಟೇ ಇಳುವರಿ ಕೊಡದಿರುವುದಕ್ಕೂ ಇದೇ ಒಂದು ಕಾರಣ.

ಮೂರನೆಯದು ಎಣಿಕೆಗೆ ಬಾರದ ಪರೀಕ್ಷೆಗಳು. ಹತ್ತು ಗುಣಗಳನ್ನು ಮೂರು ಊರುಗಳಲ್ಲಿ ಎರಡು ವರ್ಷ ಅಳೆದು, ಸಂಬಂಧ ಕಂಡ ಒಂದು ಗುಣ, ಒಂದು ಊರು, ಒಂದು ವರ್ಷವನ್ನು ಮಾತ್ರ ಪ್ರಕಟಿಸಿದರೆ, ವಾಸ್ತವವಾಗಿ ಅರವತ್ತು ಶೋಧನೆಗಳು ನಡೆದಂತಾಯಿತು. ಏನನ್ನು ಪರೀಕ್ಷಿಸುವುದೆಂಬುದನ್ನು ಮೊದಲೇ ಬರೆದಿಟ್ಟು, ಮಾಡಿದುದೆಲ್ಲವನ್ನೂ ತಿಳಿಸುವುದಲ್ಲದೆ ಇದಕ್ಕೆ ಬೇರೆ ಪರಿಹಾರವಿಲ್ಲ.

೭. ಪರೀಕ್ಷೆಗಳನ್ನು ಗೆದ್ದ ಒಂದು ಗುರುತು

ಇಷ್ಟು ಎಚ್ಚರಿಕೆಗಳನ್ನು ಓದಿ ಈ ವಿದ್ಯೆಯೇ ನಿಷ್ಪ್ರಯೋಜಕವೆಂದು ಭಾವಿಸತಕ್ಕದ್ದಲ್ಲ. ಒಡಿಶಾ ಪ್ರಾಂತ್ಯದ ಎಫ್.ಆರ್. ೧೩ಎ ಎಂಬ ಭತ್ತವು ನೆರೆಯಲ್ಲಿ ಮುಳುಗಿದರೂ ಬದುಕಿಕೊಳ್ಳುತ್ತದೆ. ಈ ಗುಣಕ್ಕೆ ಮುಖ್ಯಕಾರಣವಾದ ಸ್ಥಾನವು ಒಂಬತ್ತನೆಯ ವರ್ಣತಂತುವಿನಲ್ಲಿದೆಯೆಂದು ೧೯೯೬ರಲ್ಲಿ ಷು ಮತ್ತು ಮ್ಯಾಕಿಲ್ ಎಂಬವರು ಪ್ರಕಟಿಸಿದರು. ಅದರ ಪ್ರಭಾವವು ಯಾವ ಮಿತಿಯನ್ನಾದರೂ ಸುಲಭವಾಗಿ ದಾಟುವಷ್ಟು ಪ್ರಬಲವಾಗಿತ್ತು. ಆದರೂ ಶೋಧಕರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಹತ್ತು ವರ್ಷಗಳ ಮೇಲೆ, ೨೦೦೬ರಲ್ಲಿ, ಕಾರಣವಾದ ವಂಶವಾಹಿಯನ್ನೇ ಬೇರ್ಪಡಿಸಿ ಗುರುತಿಸಿದರು. ಆ ಸ್ಥಾನವನ್ನು ಸ್ವರ್ಣ ಎಂಬ ಪ್ರಸಿದ್ಧ ತಳಿಗೆ ಸಂಕರಣದಿಂದ ಸೇರಿಸಿದಾಗ ಗುಣವು ಹೊಲದಲ್ಲಿಯೂ ಕಾಣಿಸಿಕೊಂಡಿತು. ಹೀಗೆ ಬಂದ ಸ್ವರ್ಣ-ಸಬ್ ೧ ತಳಿಯು ೨೦೦೯ರಲ್ಲಿ ಭಾರತದ ರೈತರಿಗಾಗಿ ಬಿಡುಗಡೆಯಾಯಿತು. ಸುಮಾರು ಎರಡು ವಾರ ನೀರಿನಲ್ಲಿ ಮುಳುಗಿದ್ದರೂ ಅದು ಚೇತರಿಸಿಕೊಳ್ಳಬಲ್ಲದು. ಲೆಕ್ಕವು ದಾರಿಯನ್ನು ತೋರಿಸಿತು; ನಿಜವನ್ನು ನಿರ್ಣಯಿಸಿದುದು ಮರುಪ್ರಯೋಗ.

೮. ಗಮನಿಸತಕ್ಕ ಅಂಶಗಳು

ಯಾವುದಾದರೂ ಬೆಳೆಯಲ್ಲಿ ಬರವನ್ನೋ ರೋಗವನ್ನೋ ತಡೆಯುವ ವಂಶವಾಹಿ ದೊರೆಯಿತೆಂಬ ಸುದ್ದಿಯನ್ನು ಕೇಳಿದಾಗ ಈ ಕೆಳಗಿನ ಪ್ರಶ್ನೆಗಳನ್ನು ವಿಚಾರಿಸುವುದು ಲೇಸು.

(ಅ) ಒಟ್ಟು ಎಷ್ಟು ಗುರುತುಗಳನ್ನೂ ಎಷ್ಟು ಗುಣಗಳನ್ನೂ ಪರೀಕ್ಷಿಸಲಾಯಿತು?

(ಆ) ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಮಿತಿಯನ್ನು ತಿದ್ದಿದೆಯೇ? ತಿದ್ದಿದ್ದರೆ ಯಾವ ವಿಧಾನದಿಂದ?

(ಇ) ಎಷ್ಟು ತಳಿಗಳು ಅಥವಾ ಸಂತತಿಗಳು ಪರೀಕ್ಷೆಯಲ್ಲಿದ್ದುವು? ಅವುಗಳ ವಂಶಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯೇ?

(ಈ) ಮೊದಲು ಶೋಧನೆ ಮಾಡಿದ ಸಂತತಿಗಳಲ್ಲದೆ ಬೇರೆ ಸಂತತಿಗಳಲ್ಲಿಯೂ, ಬೇರೆ ಊರು ಮತ್ತು ಬೇರೆ ವರ್ಷಗಳಲ್ಲಿಯೂ ಅದೇ ಫಲವು ಕಂಡುಬಂದಿದೆಯೇ?

ಈ ನಾಲ್ಕಕ್ಕೂ ಸಮಾಧಾನಕರವಾದ ಉತ್ತರವು ದೊರೆತರೆ ಆ ಗುರುತನ್ನು ವಿಶ್ವಾಸದಿಂದ ಸಂಕರಣಕ್ಕೆ ಬಳಸಬಹುದು. ದೊರೆಯದಿದ್ದರೆ ಅದನ್ನು ತಿರಸ್ಕರಿಸಬೇಕಾದುದಿಲ್ಲ. ಇನ್ನೊಂದು ಪರೀಕ್ಷೆಗೆ ಎತ್ತಿಡಬೇಕು. ಬಿತ್ತನೆಗೆ ಮೊದಲು ಬೀಜವನ್ನು ನೀರಿಗೆ ಹಾಕಿ ತೇಲುವ ಜೊಳ್ಳನ್ನು ತೆಗೆದುಹಾಕುವ ರೈತನು ಬೀಜವನ್ನು ಅವಮಾನಿಸಿದಂತಾಗುವುದಿಲ್ಲ. ಆ ಒಂದು ಗಳಿಗೆಯ ಕೆಲಸವನ್ನು ಬಿಟ್ಟರೆ ಇಡೀ ವರ್ಷದ ಬೆಳೆಯು ತೆಳುವಾಗುವುದೆಂದು ಅವನು ಬಲ್ಲನು. ಜೀನೋಮಿನ ಶೋಧನೆಯಲ್ಲಿ ಬಹುಪರೀಕ್ಷೆಗಳ ತಿದ್ದುಪಡಿಯು ಮಾಡತಕ್ಕ ಕೆಲಸವೂ ಅಷ್ಟೇ.